ಹೆಜ್ಜೆ ಆರಿಸಲು ಹೊರಟವಳು

ಕಣಿವೆಯ ಪೇಟೆಯಿಂದ ಕಿಶ್ವಾರಾ ಊರಿಗೆ ಹೊರಟ ವ್ಯಾನು ಆಂಡೀಸ್ ಬೆಟ್ಟದ ನೆತ್ತಿ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಊರಿಗೆ ಮುಂಚಿನ ಕೊನೆಯ ತಿರುವಿಗೆ ಬರುವಷ್ಟರಲ್ಲಿ ಗುಡ್ಡವೇ ಜಾರಿ ರಸ್ತೆಯ ಮೇಲೆ ಕೂತಿತ್ತು. ಆ ತಿರುವಿನಲ್ಲಿರುವುದು ಬೆನಿತಜ್ಜಿಯ ಸೂಪಿನ ಗುಡಿಸಲು ಒಂದೇ. ಪ್ರಯಾಣಿಕರೆಲ್ಲ ಕೂಸು, ಕೋಳಿ, ಗಂಟುಮೂಟೆಗಳ ಸಮೇತ ಒಳಗೆ ನುಗ್ಗಿ ಒಲೆಯ ಸುತ್ತ ಒತ್ತಿಕೊಂಡು ಕೂತರು. ಡ್ರೈವರ್ ವಿಲ್ಬರ್ ಈ ದಾರಿಗೆ ಹೊಸಬ. ಬಿಸಿ ಸೂಪು ಹೀರುತ್ತ, ಇನ್ನು ಕಾಯುವುದು ದಂಡ, ಮಳೆ ಸ್ವಲ್ಪ ಇಳಿದರೆ ವ್ಯಾನು ತಿರುಗಿಸಿ ಪೇಟೆಗೇ ವಾಪಸು ಹೋಗುತ್ತೇನೆ, ಕಿಶ್ವಾರಾದವರು ಬೇಕಾದರೆ ನಡೆದುಕೊಂಡು ಹೋಗಲಿ ಎಂದ. ಕಿಶ್ವಾರಾದವರು ಗೊಣಗಿಕೊಂಡರು. ಅಜ್ಜಿ ಬಾಯಲ್ಲಿದ್ದ ಕೋಕಾ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಅವನ ಮುಖವನ್ನೇ ನೋಡಿದಳು.

“ತಿರುಗಿಸ್ತೀಯಾ ಮಗಾ? ತಿರುಗಿಸು, ಬೇಡ ಅನ್ನೋಕೆ ನಾನ್ಯಾರು... ಆದ್ರೆ ಮೊದ್ಲು ಇದೊಂದು ಕೇಳಿಸ್ಕೊ. ಮಳೆಯಂತೂ ಈಗಲೇ ಬಿಡೋ ಹಾಗಿಲ್ಲ.

“ಸತ್ತೋರು ತಮ್ಮ ಹೆಜ್ಜೆ ಆರಿಸ್ಕೊಂಡು ಹೋಗ್ತಾರೆ ಅನ್ನೋದನ್ನ ನಿಮಗೆ ಹೊಸದಾಗಿ ಹೇಳ್ಬೇಕಾ? ಬದುಕಿದ್ದಾಗ ಎಲ್ಲೆಲ್ಲಿ ಕಾಲಿಟ್ಟಿದ್ರೋ ಅಲ್ಲೆಲ್ಲ ಇನ್ನೊಂದು ಸಲ ಓಡಾಡಿ, ಹೆಜ್ಜೆ ಎಲ್ಲ ಆರಿಸ್ಕೊಂಡು ಮನೆ ಸೇರ್ತಾರೆ, ಐದನೇ ದಿನ ಅವರ ಬಟ್ಟೆ ಹೊಳೇಲಿ ಒಗೆದಾಗ ಹೊರಟುಹೋಗ್ತಾರೆ. ನಡೆದು ಬದುಕಿದೋರಿಗೆ ಸರಿ... ಆದ್ರೆ ಲಾರೀಲೇ ಓಡಾಡಿದೋರ ಹೆಜ್ಜೆ ರಸ್ತೆ ಮೇಲೆ ಎಲ್ಲಿರುತ್ತೆ? ಅವರು ಲಾರಿ ಹತ್ತಿಯೇ ಹೋಗ್ಬೇಕು, ಲಾರಿ ಹತ್ತಿಯೇ ಬರ್ಬೇಕು. ಅದಕ್ಕೇ ನಮ್ಮ ಕಡೆ ಲಾರಿಯೋರು ಸತ್ತೋರ ಜಾಗ ಐದು ದಿನ ಖಾಲಿ ಬಿಡೋರು, ಅವರೂರು ಬಂದಾಗ ಬಾಗಿಲು ತೆಗೆದು ಒಂದು ಗಳಿಗೆ ನಿಲ್ಲೋರು. ಈಗ ಯಾರಿಗಿದೆ ಅಷ್ಟು ವ್ಯವಧಾನ?

“ನನ್ನ ಬೆನ್ನಿಗೆ ಬಿದ್ದ ತಂಗಿ ಸತುರ್ನಿನಾ. ಕಿಶ್ವಾರಾಕ್ಕೆ ಕೊಟ್ಟಿದ್ರು. ಅವಳ ಗಂಡ ತಿಯೋಫಿಲೋ ಸಂತೆ ಲಾರಿ ಓಡಿಸ್ತಿದ್ದ, ಅವಳು ಗಿಣ್ಣಿನ ಬುಟ್ಟಿ ಇಟ್ಕೊಂಡು ಅವನ ಪಕ್ಕದಲ್ಲೇ ಕೂತು ಸಂತೆಗೆ ಹೋಗೋಳು. ದಾರಿ ಉದ್ದಕ್ಕೂ ಜಗಳ, ದಾರಿ ಉದ್ದಕ್ಕೂ ನಗು... ಹಿಂದೆ ಮೂಟೆ ಮೇಲೆ ಕೂತೋರಿಗೆಲ್ಲ ಅದೇ ಮೋಜು. ಅಂಥೋಳು ಒಂದು ಚಳಿಗಾಲದ ಜ್ವರಕ್ಕೆ ಹೋಗ್ಬಿಟ್ಲು. ಮಣ್ಣು ಮಾಡಿದ ಮಾರನೇ ದಿನವೇ ತಿಯೋಫಿಲೋ ಲಾರಿ ತೆಗೆದ. ನೋಡಿ, ಪಾಪ, ಹೆಂಡ್ತಿ ಹೆಜ್ಜೆ ಆರಿಸ್ಲಿ ಅಂತ ಹೊರಟಿದಾನೆ ಅಂತ ಊರೆಲ್ಲ ಮರುಗ್ತು.

“ಅವನ ಮನಸಲ್ಲಿದ್ದದ್ದೇ ಬೇರೆ. ಸಂತೆಗೆ ಹೋದ, ಬೆಟ್ಟ ಹತ್ತಿ ಇಳಿದ, ಇದೇ ತಿರುವಿನ ತನಕ ಬಂದ... ಇಲ್ಲೇ, ಈ ಬಾಗಿಲ ಮುಂದೆ, ಲಾರಿ ವಾಪಸು ಪೇಟೆ ಕಡೆ ತಿರುಗಿಸಿಬಿಟ್ಟ. ಕಿಶ್ವಾರಾದ ಜನ ಬಾಯಿಗೆ ಬಂದ ಹಾಗೆ ಬೈಕೊಂಡು ಇಳಿದು ನಡೆದ್ರು. ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ ಹಾಗೇ. ಐದನೇ ದಿನ ಬಟ್ಟೆ ಒಗೆಯೋಕೆ ನಾವು ಹೊಳೆ ಹತ್ರ ಕಾದಿದ್ದೇ ಬಂತು, ಅವನು ಬಟ್ಟೇನೂ ಕೊಡ್ಲಿಲ್ಲ. ನಾನು ರಸ್ತೆಗೆ ಅಡ್ಡ ನಿಂತು ಕೇಳಿದೆ. ಅವನು ನಕ್ಕ. ‘ಅಕ್ಕಾ, ಅವಳು ಊರು ತಲುಪಿದ್ರೆ ತಾನೇ ಹೋಗೋದು? ನಾನು ತಲುಪಿಸಲ್ಲ’ ಅಂದ.

“ಪ್ರೀತಿ ಅಂತೀರಾ? ನಾನೂ ಹಾಗೇ ಅಂದ್ಕೊಂಡು ಸುಮ್ಮನಾದೆ. ಮೊದಮೊದಲು ಅವನೂ ಖುಷಿಯಾಗೇ ಇದ್ದ, ಖಾಲಿ ಸೀಟಿನ ಜೊತೆ ಮಾತಾಡ್ಕೊಂಡು, ಗಿಣ್ಣಿನ ವಾಸನೆ ಬರ್ತಿದೆ ಅಂತ ಹೇಳ್ಕೊಂಡು. ಬರ್ತಾ ಬರ್ತಾ ಆ ಲಾರಿ ಹತ್ತೋಕೆ ಜನ ಹಿಂಜರಿದ್ರು. ಹತ್ತಿದ ಕೂಸುಗಳು ಇಳಿಯೋ ತನಕ ಅಳೋವು, ಎಷ್ಟು ಕಂಬಳಿ ಹೊದ್ರೂ ನಡುಕ ನಿಲ್ತಿರಲಿಲ್ಲ. ಒಂದು ಸಂಜೆ ತಿಯೋಫಿಲೋ ಬಂದು, ಈಗ ನೀನು ಕೂತಿದೀಯಲ್ಲ, ಅದೇ ಬೆಂಚಿನ ಮೇಲೆ ಕುಸಿದು ಕೂತ. ಮುಖದಲ್ಲಿ ರಕ್ತವೇ ಇಲ್ಲ. ‘ಅಕ್ಕಾ, ಅವಳಿಗೆ ನನ್ನ ಗುರುತೇ ಸಿಗ್ತಿಲ್ಲ. ಬೆಳಗಿಂದ ಒಂದೇ ಮಾತು ಕೇಳ್ತಿದಾಳೆ, ಡ್ರೈವರಣ್ಣಾ, ಊರು ಬಂತಾ ಅಂತ’ ಅಂದ. ಗಂಡನ್ನ ಅಣ್ಣಾ ಅಂತಾಳೆ ನೋಡಿ... ದಾರೀಲೇ ಉಳಿದೋರಿಗೆ ದಾರಿ ಒಂದೇ ನೆನಪಿರೋದು, ಮಿಕ್ಕಿದ್ದೆಲ್ಲ ಉದುರಿಹೋಗುತ್ತೆ. ಅವನು ಆವತ್ತು ಮಗುವಿನ ಹಾಗೆ ಅತ್ತ.

“ಕಣ್ಣೊರೆಸ್ಕೊಂಡು ಎದ್ದ, ಈಗಲೇ ಊರಿಗೆ ಬಿಟ್ಟು ಬರ್ತೀನಿ ಅಂತ. ಲಾರಿ ಹತ್ತಿ ಕೂತ. ಎಷ್ಟು ಹೊತ್ತಾದ್ರೂ ಸದ್ದೇ ಇಲ್ಲ... ಹೋಗಿ ನೋಡ್ತೀನಿ, ಸ್ಟೇರಿಂಗ್ ಮೇಲೆ ತಲೆ ಇಟ್ಟು ಮಲಗಿದಾನೆ. ಎದೆ ಒಡೆದುಹೋಗಿತ್ತು. ಅವನನ್ನ ಬೇರೆ ಲಾರೀಲಿ ಊರಿಗೆ ಸಾಗಿಸಿದ್ರು, ಐದನೇ ದಿನ ಅವನ ಬಟ್ಟೆ ನಾನೇ ಒಗೆದೆ, ಅವನು ಹೋದ, ನೆಟ್ಟಗೆ ಹೋದ. ಅವನ ಲಾರೀನ ಊರಿಗೆ ಒಯ್ಯದೆ ಇಲ್ಲಿಂದಲೇ ಪೇಟೆ ಗುಜರಿಗೆ ಹಾಕಿದ್ರು. ಉಳಿದೋಳು ನನ್ನ ತಂಗಿ, ಇವಳು ಒಬ್ಬಳೇ. ಇವಳ ಬಟ್ಟೆ ಇವತ್ತಿಗೂ ನನ್ನ ಹತ್ರ ಹಾಗೇ ಇದೆ, ಊರು ತಲುಪದೆ ಒಗೆಯೋದು ಹೇಗೆ? ಅದಕ್ಕೇ ನಾನು ಇಷ್ಟು ವಯಸ್ಸಾದ್ರೂ ಮನೆಗೆ ಹೋಗದೆ ಈ ತಿರುವಿನಲ್ಲೇ ಬಿದ್ದಿರೋದು, ಸೂಪು ಮಾರಿ ಸಾಹುಕಾರಳಾಗೋಕಲ್ಲ. ಯಾವ ಗಾಡಿ ಸಿಕ್ಕಿದ್ರೆ ಅದನ್ನ ಹತ್ತುತಾಳೆ. ಅವಳು ಹತ್ತಿದ ದಿನ ಏನಾದ್ರೂ ಒಂದು ಆಗುತ್ತೆ, ಮಂಜೋ, ಮಳೆಯೋ, ಟೈರೋ... ಎಲ್ಲ ಡ್ರೈವರುಗಳೂ ಇಲ್ಲಿಂದಲೇ ತಿರುಗಿಸ್ತಾರೆ.”

ವಿಲ್ಬರ್ ಬಟ್ಟಲು ಕೆಳಗಿಟ್ಟ. ನಗಲು ನೋಡಿದ, ಆಗಲಿಲ್ಲ. ಇದನ್ನೆಲ್ಲ ನನಗ್ಯಾಕೆ ಹೇಳುತ್ತಿದ್ದೀಯ ಅಜ್ಜಿ ಎಂದು ಕೇಳಿದ. ಅಜ್ಜಿ ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದಳು. ಹೊರಗೆ ಮಳೆಯಲ್ಲಿ ವ್ಯಾನು ನಿಂತಿತ್ತು. ಅದರ ಬಾಗಿಲಿಗೆ ಅವನೇ ಬೀಗ ಹಾಕಿ ಬಂದಿದ್ದ.

“ನಿನ್ನ ಜನ ಎಲ್ಲ ಒಳಗಿದಾರೆ, ಅಲ್ವಾ? ಹಾಗಾದ್ರೆ ಆ ಮುಂದಿನ ಕಿಟಕಿ ನೋಡು... ಗಾಜಿಗೆ ಮಂಜು ಕಟ್ಟಿದ ಹಾಗೆಲ್ಲ ಯಾರೋ ಒಳಗಿಂದ ಅಂಗೈಯಲ್ಲಿ ಒರೆಸ್ತಿದಾರೆ. ಆಗಿನಿಂದ ನೋಡ್ತಾ ಇದೀನಿ. ಊರು ಬಂತಾ ಅಂತ ಇಣುಕ್ತಿದಾಳೆ, ಪಾಪ. ರಸ್ತೆ ಬಿಡೋ ತನಕ ಕಾಯ್ತೀಯೋ, ವಾಪಸು ತಿರುಗಿಸ್ತೀಯೋ, ನಿನಗೆ ಬಿಟ್ಟಿದ್ದು. ನಾನಂತೂ ಇಲ್ಲೇ ಇರ್ತೀನಿ ಮಗಾ... ದಾರಿ ಉದ್ದಕ್ಕೂ ಅವಳಿಗೆ ಉತ್ತರ ಹೇಳ್ಬೇಕಾದೋನು ನೀನು.”