ಸಾಲು ತಪ್ಪುವ ತರಗತಿ

ಕಿವಿ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಆತ ಮೊದಲು ಸೈನಿಕ, ಈಗ ಮೇಷ್ಟ್ರು ಎಂಬುದು ಅವರ ಮಾತಿನಿಂದಲೇ ತಿಳಿಯಿತು.

“ನಾಳೆ ರಾಜೀನಾಮೆ ಕೊಡ್ತೀನಿ ಕಣೇ. ಇಪ್ಪತ್ತು ವರ್ಷ ಫಿರಂಗಿ ಹಾರಿಸಿದೋನಿಗೆ ಮೂವತ್ತು ಮಕ್ಕಳು ಹೆದರಲ್ಲ.”

“ಏನು ಮಾಡಿದ್ವು, ಪಾಪ?”

“ದಿನಾ ಎತ್ತರದ ಪ್ರಕಾರ ಸಾಲಾಗಿ ಕೂರಿಸ್ತೀನಿ. ಬೋರ್ಡಿನ ಕಡೆ ತಿರುಗಿದ್ದೇ ತಡ, ಜಾಗ ಬದಲಾಯಿಸಿಬಿಡ್ತವೆ!”

“ನಿಮ್ಮ ಬಲಗೈ ಕಡೆ ಯಾರು ಬಂದು ಕೂರ್ತಾರೆ?”

“ಬಾಯಲ್ಲಿ ಬೆರಳಿಟ್ರೂ ಕಚ್ಚದಂಥ ಮೆಲುದನಿಯವರು.”

“ಎಡಗಡೆ?”

“ಗಂಟಲು ಹರ್ಕೊಂಡು ಕಿರಿಚೋ ದಂಡು.”

“ನಿಮ್ಮ ಯಾವ ಕಿವಿ ಮಂದ?”

ಆತನ ಕೈ ಕಿವಿಗೆ ಹೋಯಿತು.

“ಎಡಗಿವಿ. ಆದ್ರೆ ನಾನು ಶಾಲೇಲಿ ಯಾರಿಗೂ ಹೇಳಿಲ್ವಲ್ಲ!”

“ಮಕ್ಕಳಿಗೆ ಹೇಳ್ಬೇಕೇನ್ರೀ? ಎಲ್ಲರ ಮಾತೂ ನಿಮಗೆ ಕೇಳಿಸ್ಲಿ ಅಂತ ಅವೇ ಜಾಗ ಹಂಚ್ಕೊಂಡಿವೆ.”

“ಅಯ್ಯೋ, ಅದಕ್ಕೇ ನಿನ್ನೆ ಎಲ್ಲರನ್ನೂ ಅರ್ಧ ಗಂಟೆ ನಿಲ್ಲಿಸಿಬಿಟ್ನಲ್ಲೇ!”

“ಬೈಕೊಂಡ್ರಾ?”

“ಇಲ್ಲ. ಆ ಹೊಸ ಜಾಗದಲ್ಲೇ ನಿಂತ್ಕೊಂಡು ಮಗ್ಗಿ ಒಪ್ಪಿಸಿದ್ರು.”

ನರ್ಸ್ ಅವರನ್ನು ಕರೆದರು. ಆತ ಕಣ್ಣೊರೆಸಿಕೊಂಡು ಎದ್ದರು.

“ರಾಜೀನಾಮೆ?”

“ಅದಿರಲಿ ಬಿಡೇ. ನಾಳೆ ಮೊದಲು ಕ್ಷಮೆ ಕೇಳ್ಬೇಕು. ಕ್ಷಮಿಸ್ತಾರೆ ಅಂತೀಯಾ?”

“ಕ್ಷಮಿಸಿದ್ರೆ ಜೋರಾಗೇ ಹೇಳ್ತಾರೆ, ಬನ್ನಿ,” ಎನ್ನುತ್ತ ಆಕೆ ಅವರನ್ನು ಒಳಗೆ ಕರೆದೊಯ್ದರು.