ಸಮಜುವಿನ ಪೊರಕೆ

"ಧೀರೂನ ಅಪ್ಪಾ, ಪೊರಕೆ ರಸಿಲಾಗೆ ಕೊಡಿ."

ನನ್ನ ಹೆಂಡತಿ ಸಮಜು ಕೊನೆಗೆ ಆಡಿದ ಮಾತು ಇದು. ನೀರು ಕೊಡಿ ಅನ್ನಲಿಲ್ಲ. ಮಗನನ್ನು ಕರೀರಿ ಅನ್ನಲಿಲ್ಲ. ಪೊರಕೆ. ಆಮೇಲೆ ಒಂದು ಸಲ ಕೆಮ್ಮಿದಳು... ಅಷ್ಟೇ.

ರಸಿಲಾ ನಮ್ಮ ಸೊಸೆ. ಪೊರಕೆ ಚಬೂತರದ್ದು. ನಮ್ಮೂರ ಹಳೇ ಬಾವಿಯ ಪಕ್ಕ, ಆಲದ ಮರದ ಕೆಳಗೆ, ಕಲ್ಲಿನ ಕಂಬದ ಮೇಲೆ ಪಾರಿವಾಳಗಳಿಗೆ ಗೂಡು ಕಟ್ಟಿದೆ. ಸುತ್ತ ಕಲ್ಲಿನ ಕಟ್ಟೆ. ಅದೇ ಚಬೂತರ. ಊರವರು ಬಂದು ಜೋಳ ಚೆಲ್ಲುತ್ತಾರೆ, ಪುಣ್ಯ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಹಿಕ್ಕೆ ಯಾರು ಗುಡಿಸಬೇಕು? ಸಮಜು ಗುಡಿಸುತ್ತಿದ್ದಳು. ಧೀರು ಚಿಕ್ಕವನಿದ್ದಾಗ ಜ್ವರ ಬಂದು ಕೈತಪ್ಪುವ ಹಾಗಾಗಿತ್ತು. ಹುಡುಗ ಉಳಿದರೆ ಬದುಕಿರೋವರೆಗೂ ಚಬೂತರ ಗುಡಿಸ್ತೀನಿ, ನಾನು ಹೋದಮೇಲೆ ನನ್ನ ಮನೆಯವರು ಗುಡಿಸ್ತಾರೆ ಅಂತ ಹರಕೆ ಹೊತ್ತಳು. ಹುಡುಗ ಉಳಿದ. ಈಗ ಕಂಡ್ಲಾ ಬಂದರಿಗೆ ಲಾರಿ ಓಡಿಸುತ್ತಾನೆ.

ಬೆಳಕು ಹರಿಯುವ ಮೊದಲೇ ಹೋಗಿ ಗುಡಿಸುತ್ತಿದ್ದಳು. ಒಣ ಹಿಕ್ಕೆ. ಬೂದಿಯ ಹಾಗೆ ಧೂಳು ಏಳುತ್ತಿತ್ತು. ಕೂದಲು, ಸೆರಗು, ಕಣ್ಣಿನ ರೆಪ್ಪೆ ಎಲ್ಲ ಬೆಳ್ಳಗೆ ಮಾಡಿಕೊಂಡು ಮನೆಗೆ ಬರುತ್ತಿದ್ದಳು.

ಕೆಮ್ಮು ಯಾವಾಗ ಶುರುವಾಯಿತೋ ಯಾರಿಗೂ ನೆನಪಿಲ್ಲ. ಕಫ ಇಲ್ಲ, ಜ್ವರ ಇಲ್ಲ. ಖೊಕ್ಖೊಕ್... ಒಂದು ಗುಟುಕು ಉಸಿರು... ಆಮೇಲೆ ಉದ್ದಕ್ಕೆ ಒಂದು, ಒಣ ಕಡಲೆಕಾಯಿಯ ಮೇಲೆ ಕಾಲಿಟ್ಟ ಹಾಗೆ. ನಾನು ಮಂಡಿಯಲ್ಲಿ ಕಡಲೆಕಾಯಿ ಮೂಟೆ ಹೊರುವವನು. ಆ ಸದ್ದು ನನಗೆ ಗೊತ್ತು.

ಊರಿನಲ್ಲಿ ಎಲ್ಲರೂ ವೈದ್ಯರೇ. ಜೇನುತುಪ್ಪ ನೆಕ್ಕಿಸು. ಹಾಲಿಗೆ ಅರಿಶಿನ ಹಾಕು. ಅತಿಮಧುರದ ಚೂರು ಬಾಯಲ್ಲಿಡು. ಎಲ್ಲ ಮಾಡಿದೆವು. ಗಂಟಲಿಗೆ ಹಿತವಾಗುತ್ತಿತ್ತು, ಕೆಮ್ಮು ಅಲ್ಲೇ ಇರುತ್ತಿತ್ತು. ಅಂಗಡಿಯ ನಾನಜಿ, "ಮೂಳಜಿ ಕಾಕಾ, ಕಾಕಿ ಕೆಮ್ಮಿದ ಮೇಲೇ ನಮ್ಮನೆ ಹುಂಜ ಕೂಗೋದು" ಅಂತ ಹಲ್ಲು ಬಿಡುತ್ತಿದ್ದ.

ಡಾಕ್ಟರುಗಳಿಗೂ ಅಲೆದೆವು. ಒಬ್ಬ ಸಿರಪ್ ಕೊಟ್ಟ. ಒಬ್ಬ, ಹೊಟ್ಟೆಯ ಹುಳಿ ಗಂಟಲಿಗೆ ಬರ್ತಿದೆ, ಉಂಡ ಕೂಡಲೇ ಮಲಗಬೇಡಿ, ದಿಂಬು ಎತ್ತರ ಮಾಡಿ ಅಂದ. ಮಾಡಿದೆವು. ಇನ್ನೊಬ್ಬ, ಬಿ.ಪಿ. ಮಾತ್ರೆಯಿಂದಲೂ ಒಣ ಕೆಮ್ಮು ಬರುತ್ತೆ ಅಂತ ಮಾತ್ರೆ ಬದಲಿಸಿದ. ಕ್ಷಯ ಇರಬಹುದು ಅಂತ ಪರೀಕ್ಷೆ ಮಾಡಿಸಿದರು. ಇರಲಿಲ್ಲ. ದಮ್ಮು ಅಂತ ಬಾಯಿಗೆ ಪಂಪು ಕೊಟ್ಟರು. ಅದೂ ಆಯಿತು. ಆದರೆ ಒಬ್ಬನೂ... "ತಾಯೀ, ಬೆಳಿಗ್ಗೆ ಎದ್ದು ಏನು ಮಾಡ್ತೀಯ?" ಅಂತ ಕೇಳಲಿಲ್ಲ. ನಾವೂ ಹೇಳಲಿಲ್ಲ. ಪುಣ್ಯದ ಕೆಲಸವನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರಾ?

ರಾಜಕೋಟ್‌ನ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಒಬ್ಬಳು ಕೇಳಿದಳು. ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, "ಪಾರಿವಾಳ ಸಾಕಿದ್ದೀರಾ?" ಅಂದಳು. ಅಷ್ಟೊತ್ತಿಗೆ ಶ್ವಾಸಕೋಶ ಒಣ ಚರ್ಮದ ಹಾಗೆ ಬಿಗಿದುಕೊಂಡಿತ್ತಂತೆ. ಎಲ್ಲರಿಗೂ ಹೀಗಾಗಲ್ಲ, ಕೆಲವರ ಮೈಗೆ ಆ ಧೂಳು ಆಗಿಬರಲ್ಲ ಅಂದಳು. ನೀವು ಅದರ ಹತ್ತಿರ ಹೋಗಲೇಬೇಡಿ. ಬೇರೆ ಯಾರೇ ಗುಡಿಸಲಿ, ಮೊದಲು ನೀರು ಚಿಮುಕಿಸಲಿ, ಮೂಗು ಬಾಯಿ ಕಟ್ಟಿಕೊಳ್ಳಲಿ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಮೂರು ವಾರ ದಾಟಿದರೆ ಕಾಯಬೇಡಿ, ಕರೆದುಕೊಂಡು ಬನ್ನಿ.

ಬಸ್ಸಿನಲ್ಲಿ ಹೇಳಿದೆ. "ಕೇಳಿದೆಯಲ್ಲ. ಇನ್ನು ಹೋಗಬೇಡ. ಹೋಗೇ ಹೋಗ್ತೀನಿ ಅಂದ್ರೆ ಮುಖಕ್ಕೆ ಬಟ್ಟೆನಾದ್ರೂ ಕಟ್ಕೋ."

"ಪಾರಿವಾಳ ಏನು ನನ್ನ ಮಾವನಾ, ಮುಖ ಮುಚ್ಚೋಕೆ?" ಅಂದಳು. ಕೆಮ್ಮಿದಳು. "ಅಷ್ಟು ಕಾಳಜಿ ಇದ್ರೆ ನೀವೇ ಗುಡಿಸಿ. ಹುಟ್ಟಿದಾಗಿಂದ ಒಂದು ಸಲ ಪೊರಕೆ ಮುಟ್ಟಿದ್ದೀರಾ?"

ಗಂಡಸು ಚಬೂತರ ಗುಡಿಸಿದ್ದನ್ನು ನಮ್ಮೂರು ಕಂಡಿಲ್ಲ.

ಮಳೆಗಾಲಕ್ಕೆ ಮೊದಲು ಸಮಜು ಹೋದಳು. ಪೊರಕೆ ರಸಿಲಾಗೆ ಕೊಟ್ಟೆ. ಸಾಯುವವರ ಮಾತು, ಕೊಡದೆ ಏನು ಮಾಡಲಿ?

ನವರಾತ್ರಿಯಲ್ಲಿ ಗರ್ಬಾ ಆಡುತ್ತಾ ರಸಿಲಾ ನಡುವೆಯೇ ನಿಂತಳು. ಎದೆ ಹಿಡಿದುಕೊಂಡು ಕೆಮ್ಮಿದಳು. ಒಣ ಕೆಮ್ಮು.

ನಮ್ಮಲ್ಲಿ ಸೊಸೆ ಮಾವನ ಮುಂದೆ ಸೆರಗು ಎಳೆದು ಮುಖ ಮುಚ್ಚುತ್ತಾಳೆ. ಲಾಜ್ ಅನ್ನುತ್ತೇವೆ. ರಸಿಲಾ ಒಂದು ದಿನವೂ ತಪ್ಪಿಸಿದವಳಲ್ಲ. ನನ್ನ ಮುಂದೆ ಮುಚ್ಚುತ್ತಾಳೆ, ಆ ಧೂಳಿನ ಮುಂದೆ ತೆರೆದು ನಿಲ್ಲುತ್ತಾಳೆ. ಯಾರಿಗೆ ಹೇಳೋಣ ಇದನ್ನ?

"ಆ ಪೊರಕೆ ಬಿಡಮ್ಮ."

"ಅತ್ತೆ ಕೊಟ್ಟಿದ್ದು, ಬಾಪುಜಿ."

"ಆಸ್ಪತ್ರೆಗಾದ್ರೂ ಹೋಗೋಣ."

"ಗಂಟಲು ಒಣಗಿದೆ. ಅಷ್ಟೇ."

ಧೀರುಗೆ ಫೋನು ಮಾಡಿದೆ. "ಅಮ್ಮನ ಹರಕೆ ಅಪ್ಪಾ. ಅದರಿಂದಲೇ ನಾನಿರೋದು. ಮುರಿಯೋಕೆ ನಾವ್ಯಾರು?" ಅಂದ. ಊರ ಹಿರಿಯ ವಶರಾಮ ಬಾಪಾನ ಹತ್ತಿರ ಹೋದೆ. "ಹೆಂಡತಿ ಹೋದ ಸಂಕಟಕ್ಕೆ ಹಕ್ಕಿಗಳ ಮೇಲೆ ಅಪವಾದ ಹಾಕ್ಬೇಡ ಮೂಳಜಿ" ಅಂದ. ಎಲ್ಲರಿಗೂ ಹೇಳಿದೆ. ಗೋಡೆಗೆ ಹೇಳಿದ್ದರೆ ಸುಣ್ಣನಾದರೂ ಉದುರುತ್ತಿತ್ತು.

ಕಾರ್ತಿಕದಲ್ಲಿ ಒಂದು ರಾತ್ರಿ. ಮಂಡಿಗೆ ಹೊಸ ಕಡಲೆಕಾಯಿ ಬಂದಿತ್ತು. ಲಾರಿ ತುಂಬಿಸಿ ಹೊರಟಾಗ ಊರು ಮಲಗಿತ್ತು. ನಾನು ಕುಡಿದಿರಲಿಲ್ಲ. ನಮ್ಮ ಕಡೆ ಸಾರಾಯಿ ಬಂದ್. ಬೇಕಾದವರಿಗೆ ಸಿಗುತ್ತೆ, ಅದು ಬೇರೆ ಮಾತು. ನಾನು ಮುಟ್ಟಿಲ್ಲ.

ಆಲದ ಹತ್ತಿರ ಬಂದೆ. ಗಾಳಿ ಇಲ್ಲ. ರಾತ್ರಿಯಲ್ಲೂ ಒಂದಾದರೂ ಪಾರಿವಾಳ ಗುಟುರ್ ಅನ್ನುತ್ತೆ. ಅವತ್ತು ಇಲ್ಲ.

ಸರಕ್... ಸರಕ್...

ಕಲ್ಲಿನ ಮೇಲೆ ಪೊರಕೆ. ದಿನಾ ಕೇಳುವ ಒಣ ಸದ್ದಲ್ಲ. ಚಪ್ ಅಂತ ನೀರು ಬೀಳುವುದು... ಆಮೇಲೆ ಸರಕ್.

ಕಟ್ಟೆಯ ಮೇಲೆ ಹೆಂಗಸು. ಬಗ್ಗಿ ಗುಡಿಸುತ್ತಿದ್ದಾಳೆ. ನನ್ನ ಹೆಜ್ಜೆ ಕೇಳಿ ನಿಂತಳು. ಸೆರಗು ಮೂಗು ಬಾಯಿಗೆ ಬಿಗಿದಿದೆ. ಕಣ್ಣಿನ ಜಾಗದಲ್ಲಿ ಕತ್ತಲೆ.

ರಸಿಲಾ ಅಂದುಕೊಂಡೆ. ಮೈಯೆಲ್ಲ ಉರಿದುಹೋಯಿತು.

"ಹಗಲು ಸಾಲಲಿಲ್ವಾ? ರಾತ್ರಿಯೂ ಬೇಕಾ? ನಿನ್ನನ್ನೂ ನಾನೇ ಸುಡಬೇಕಾ?"

ಆಮೇಲೆ... ಖೊಕ್ಖೊಕ್. ಒಂದು ಗುಟುಕು ಉಸಿರು. ಆಮೇಲೆ ಉದ್ದಕ್ಕೆ ಒಂದು.

ರಸಿಲಾಳ ಕೆಮ್ಮು ಹಾಗಲ್ಲ.

"ಸಮಜೂ..."

"ಮೆಲ್ಲಗೆ. ಹಕ್ಕಿ ಮಲಗಿವೆ."

ಅದೇ ದನಿ. ಒಡೆದ ಮಡಕೆಗೆ ಬಾಯಿಟ್ಟು ಮಾತಾಡಿದ ಹಾಗೆ, ಕೊನೆಕೊನೆಗೆ ಆಗಿತ್ತಲ್ಲ, ಅದು. ಹೆದರಬೇಕಿತ್ತು. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು.

"ಈಗ ಮುಖ ಕಟ್ಟಿದ್ದೀಯಾ? ಈಗಾ? ಬದುಕಿದ್ದಾಗ ಬೇಡ್ಕೊಂಡೆನಲ್ಲೇ..."

"ಅವಳು ಕೆಮ್ತಾಳಾ?"

"ಕೆಮ್ತಾಳೆ. ಪೊರಕೆ ಕೊಡಿಸಿದ್ದು ನೀನೇ."

ಪೊರಕೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

"ಧೀರೂನ ಅಪ್ಪಾ."

"ಹೂಂ."

"ಅವಳ ಕೈಯಿಂದ ತಗೊಳ್ಳಿ."

"ತಗೊಂಡು? ಯಾರಿಗೆ ಕೊಡಲಿ? ಮನೆಯವರು ಗುಡಿಸ್ತಾರೆ ಅಂತ ಹರಕೆ ಹೊತ್ತಿದ್ದೀಯ."

"ನೀವೇನು ಮನೆಯವರಲ್ವಾ?"

ಅಷ್ಟು ಹೇಳಿ ಬಗ್ಗಿದಳು. ಸರಕ್... ಸರಕ್... ನಾನು ತಿರುಗಿ ನೋಡದೆ ನಡೆದೆ. ಸದ್ದು ನಮ್ಮ ಬಾಗಿಲವರೆಗೂ ಬಂತು.

ಬಾಗಿಲ ಹಿಂದೆ ಚಬೂತರದ ಪೊರಕೆ ಅದರ ಜಾಗದಲ್ಲೇ ಇತ್ತು. ಮುಟ್ಟಿ ನೋಡಿದೆ. ಒಣಗಿತ್ತು. ಒಳಗಿನ ಕೋಣೆಯಲ್ಲಿ ರಸಿಲಾ ನಿದ್ದೆಗಣ್ಣಲ್ಲಿ ಕೆಮ್ಮುತ್ತಿದ್ದಳು.

ನಾನು ಮಲಗಲಿಲ್ಲ. ಪೊರಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತೆ. ಬೆಳಗಿನ ಜಾವ ರಸಿಲಾ ಸೆರಗು ಎಳೆದುಕೊಂಡು ಬಂದು ನಿಂತಳು.

"ಕೊಡಿ ಬಾಪುಜಿ. ಹೊತ್ತಾಯ್ತು."

"ಇನ್ನು ನಿನಗಿಲ್ಲ. ನಿನ್ನ ಅತ್ತೆ ಹೇಳಿದಾಳೆ."

"ಯಾವಾಗ?"

"ರಾತ್ರಿ."

ನಗುತ್ತಾಳೆ ಅಂದುಕೊಂಡೆ. ಇಲ್ಲಾಂದ್ರೆ ಅಳುತ್ತಾಳೆ ಅಂತ. ಸೆರಗಿನೊಳಗಿಂದ ಪಿಸುಗುಟ್ಟಿದಳು.

"ಮುಖ ಕಟ್ಕೊಂಡಿದ್ರಾ?"

ಅದನ್ನು ನಾನು ಅವಳಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

"ಹೂಂ" ಅಂದೆ.

ರಸಿಲಾ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು. ಪಕ್ಕದ ಮನೆಯ ಗೋಮತಿಯನ್ನು ಜೊತೆ ಮಾಡಿ ರಾಜಕೋಟ್‌ನ ಮೊದಲ ಬಸ್ಸಿಗೆ ಹತ್ತಿಸಿದೆ. "ಪಾರಿವಾಳದ ವಿಷಯ ಮೊದಲೇ ಹೇಳು. ಅವರು ಕೇಳಲಿ ಅಂತ ಕಾಯಬೇಡ" ಅಂದೆ. ತಲೆ ಆಡಿಸಿದಳು.

ಆಮೇಲೆ ಮನೆಗೆ ಬಂದು, ತಲೆಯ ರುಮಾಲು ಬಿಚ್ಚಿ ಮೂಗು ಬಾಯಿಗೆ ಬಿಗಿದೆ. ಬಕೆಟ್ಟಿಗೆ ನೀರು ತುಂಬಿಕೊಂಡೆ. ಪೊರಕೆ ಹಿಡಿದು ಹೊರಟೆ. ನಾನಜಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ನೋಡಿದ, ನಕ್ಕ, ನನ್ನ ಹಿಂದೆಯೇ ಬಂದ.

"ಏನ್ ಕಾಕಾ, ಯಾವ ಮಾವನ ಮುಂದೆ ಲಾಜ್?"

"ಪಾರಿವಾಳ ನನ್ನ ಮಾವ ಕಣೋ" ಅಂದೆ.

ಕಟ್ಟೆ ಹತ್ತಿದೆ. ನೀರು ಚಿಮುಕಿಸಬೇಕಾಗಲಿಲ್ಲ. ಕಲ್ಲು ಒದ್ದೆಯಾಗಿತ್ತು. ಮಳೆ ನಿಂತು ಯಾವ ಕಾಲವಾಯಿತು. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ತುಕ್ಕು ಹಿಡಿದ ಬೀಗ ಇದ್ದ ಹಾಗೇ ಇತ್ತು. ಸುತ್ತ ಎಲ್ಲೂ ಒಂದು ಹನಿ ಇಲ್ಲ. ಕಟ್ಟೆ ಮಾತ್ರ ಒದ್ದೆ, ಗುಡಿಸಿದ ಗೀರು ಗೀರು ಕಾಣುತ್ತಿತ್ತು. ನಾನಜಿಯೂ ನೋಡಿದ. ನಗು ನಿಂತುಹೋಯಿತು. ಈಗಲೂ ಅಂಗಡಿಯಲ್ಲೇ ಇರುತ್ತಾನೆ, ಹೋಗಿ ಕೇಳಿ.

ಒಂದು ಮೂಲೆ ಮಾತ್ರ ಗುಡಿಸದೆ ಉಳಿದಿತ್ತು.

ನಾನು ಬಗ್ಗಿ ಅದನ್ನು ಗುಡಿಸಿದೆ.