ಬಲಗಣ್ಣಿನ ಕಪ್ಪು ಚುಕ್ಕೆ

ಶಿರಾದ ಕಣ್ಣಾಸ್ಪತ್ರೆಗೆ ಅತ್ತೆಯನ್ನು ಪೊರೆ ತೆಗೆಸಲು ಕರೆತಂದಿದ್ದ ಸಮ್ರೀನ್ ಪಕ್ಕದಲ್ಲಿ, ಗೌಡಗೆರೆ ಕಡೆಯ ರೈತನೊಬ್ಬ ಮಗಳೊಂದಿಗೆ ಡಾಕ್ಟರ ಕೋಣೆಯಿಂದ ಬಂದು ಕುಳಿತ. ಬೇಡವೆಂದರೂ ಸಮ್ರೀನ್ ಕಿವಿ ಅತ್ತಲೇ ಹೋಯಿತು.

“ಮೆರವಣಿಗೇಲಿ ಆ ಲೇಸರ್ ಲೈಟು ನೆಟ್ಟಗೆ ಕಣ್ಣಿಗೇ ಬಿತ್ತಾ ಬಿಂದು?”

“ಹೂಂ ಕಣಪ್ಪ. ಒಂದು ಚಣ ಅಷ್ಟೆ. ನೋವೇ ಆಗ್ಲಿಲ್ಲ.”

“ಅವತ್ತೇ ಯಾಕವ್ವ ಹೇಳ್ಲಿಲ್ಲ?”

“ಮಲಗೆದ್ರೆ ಸರಿಹೋಯ್ತದೆ ಅಂದ್ಕಂಡೆ.”

“ಕನ್ನಡಕ ಹಾಕಿಸ್ಬುಟ್ರೆ?”

“ಕಣ್ಣಿನ ಒಳಗಿನ ಪರದೇನೇ ಸುಟ್ಟೋಗಿದೆ ಅಂದ್ರಲ್ಲಪ್ಪ. ಕನ್ನಡಕ ಏನ್ ಮಾಡ್ತದೆ?”

“ತಂತಾನೇ ವಾಸಿ ಆಗ್ಬೋದು ಅಂತಾನೂ ಅಂದ್ರು ಕಣವ್ವ.”

“ಆಗ್ದೇನೂ ಇರ್ಬೋದು ಅಂದ್ರು.”

ಅಪ್ಪ ಅಂಗೈಯಿಂದ ಅವಳ ಎಡಗಣ್ಣು ಮುಚ್ಚಿದ.

“ಈಗ ನನ್ನ ನೋಡು. ಏನ್ ಕಾಣ್ತದೆ?”

“ಕಿವಿ ಕಾಣ್ತವೆ. ತಲೇಗೆ ಸುತ್ತಿರೋ ಟವಲ್ ಕಾಣ್ತದೆ. ಮಖ ಇರೋ ಕಡೆ ಕಪ್ಪಗದೆ.”

ಸಮ್ರೀನ್ ತನಗರಿವಿಲ್ಲದೆಯೇ ಒಂದು ಕಣ್ಣು ಮುಚ್ಚಿ ಎದುರಿನ ಗೋಡೆ ನೋಡಿದಳು.

“ನಾನು ಇಲ್ಲೇ ಇವ್ನಿ ಕಣವ್ವ,” ಎಂದ ಅಪ್ಪ. ಅವಳ ಕಣ್ಣಿನ ಮೇಲಿಂದ ಅಂಗೈ ತೆಗೆದ.

ನರ್ಸ್ ಬಂದು, ಇನ್ನು ಹೊರಡಬಹುದು, ತಿಂಗಳು ಬಿಟ್ಟು ಬನ್ನಿ ಎಂದಳು. ಮಗಳ ಎಡಗಣ್ಣು ಚೆನ್ನಾಗಿಯೇ ಇತ್ತು. ಆದರೂ ಅವನು, ಆಗಷ್ಟೇ ನಡೆಯಲು ಕಲಿತ ಕೂಸನ್ನು ಹಿಡಿಯುವಂತೆ ಅವಳ ಕೈ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದ.